ತೂಕದ ಪುಸ್ತಕದಲ್ಲಿ ಸಿಕ್ಕ ಸಕ್ಕರೆ

ಜಾಲಿಮುಳ್ಳು ಅಂಗಾಲಿಗೆ ಹೊಕ್ಕು ನಾಲ್ಕು ದಿನವಾದರೂ ದೊಡ್ಡವ್ವನಿಗೆ ಗೊತ್ತಾಗಿರಲಿಲ್ಲ. ಇಟಗಿಯ ಎರೆಹೊಲದಲ್ಲಿ ಬರಿಗಾಲಲ್ಲಿ ಕಡಲೆ ಕೀಳುವ ಹೆಂಗಸಿಗೆ ಮುಳ್ಳು ಹೊಸದಲ್ಲ; ಚುಚ್ಚಿದ್ದು ತಿಳಿಯದೇ ಹೋಗಿದ್ದು ಹೊಸದು. ಕಾಲು ಬಾತು ಕೀವಾದ ಮೇಲೆ ಕುಕನೂರಿಗೆ ಕರೆದುಕೊಂಡು ಹೋದರೆ, ಪಟ್ಟಿ ಕಟ್ಟುವ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಮರುದಿನ ಬರಿಹೊಟ್ಟೆಯಲ್ಲಿ ನೋಡಿದಾಗಲೂ 240. ಬರಿಹೊಟ್ಟೆಯಲ್ಲಿ 126 ಮುಟ್ಟಿದರೇ ಕಾಯಿಲೆ ಎನ್ನುತ್ತಾರೆ. ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆ ಅಂಗಾಲಿನ ನರಗಳನ್ನು ಅಷ್ಟರಲ್ಲಾಗಲೇ ಮಂಕು ಮಾಡಿತ್ತು. ರಾತ್ರಿ ಎರಡೆರಡು ಸಲ ಎದ್ದು ತಂಬಿಗೆಗಟ್ಟಲೆ ನೀರು ಕುಡಿದದ್ದನ್ನು ನಾವು ಸೆಕೆಯ ಲೆಕ್ಕಕ್ಕೆ ಹಾಕಿದ್ದೆವು. ಮೈಮೇಲಿನ ಕುಬಸ ಸಡಿಲಾದದ್ದನ್ನು ವಯಸ್ಸಿನ ಲೆಕ್ಕಕ್ಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ ಮಾತು. "ಸಕ್ರಿ ಬ್ಯಾನಿ ಕುಂತು ಉಣ್ಣೋರಿಗೆ ಬರ್ತೈತಿ ಅಂತಾರ. ನಾ ಯಾವಾಗ ಕುಂತೀನಿ ತಮ್ಮಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಸಣಕಲಿ. ಉಣ್ಣುವುದು ಜೋಳದ ರೊಟ್ಟಿ, ಪುಂಡಿಪಲ್ಯ. ಗಂಗಾವತಿ ಕಡೆಯ ಕಾಲುವೆ ನೀರಿನವರಂತೆ ಮೂರು ಹೊತ್ತು ಅನ್ನ ಉಂಡವಳೂ ಅಲ್ಲ. ಇಂಥವಳಿಗೆ ಇದು ಹೇಗೆ ಬಂತು? ಈ ಪ್ರಶ್ನೆಯನ್ನು ಬೇರೆಯವರೂ ಕೇಳಿಕೊಂಡಿದ್ದರು, ಉತ್ತರದ ಒಂದು ತುಂಡು ನಮ್ಮದೇ ರಾಜ್ಯದ ಹಳೆಯ ಹೆರಿಗೆ ಪುಸ್ತಕಗಳಲ್ಲಿ ಸಿಕ್ಕಿತ್ತು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ.

ಸಕ್ಕರೆ ಕಾಯಿಲೆಯ ಕತೆ ಎಂದರೆ ಎಲ್ಲರೂ ಇನ್ಸುಲಿನ್ ಸಿಕ್ಕ ಟೊರಾಂಟೊಗೆ ಹೋಗುತ್ತಾರೆ. 1921ರ ಬೇಸಿಗೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ರಸ ತೆಗೆದದ್ದು, 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಎಲುಬಿನ ಗೂಡಿನಂಥ ಹುಡುಗನಿಗೆ ಚುಚ್ಚಿದ್ದು, ಮೊದಲ ಸಲ ಕೆಲಸ ಕೊಡದೆ, ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಶುದ್ಧಮಾಡಿ ಕೊಟ್ಟ ಮೇಲೆ ಎರಡನೆಯ ಸಲ ಅವನು ಚೇತರಿಸಿಕೊಂಡದ್ದು. ದೊಡ್ಡ ಕತೆಯೇ, ಸಂಶಯವಿಲ್ಲ. ಆದರೆ ಅದು ಇನ್ಸುಲಿನ್ ಬತ್ತಿಹೋದವರ ಕತೆ. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಸಕ್ಕರೆ ನೀರು ಕುಡಿಸಿ, ಜೊತೆಗೇ ಇನ್ಸುಲಿನ್ ಚುಚ್ಚಿ ನೋಡಿದ. ಕೆಲವರಲ್ಲಿ ಸಕ್ಕರೆ ಏರಲಿಲ್ಲ. ಇನ್ನು ಕೆಲವರಲ್ಲಿ ಇನ್ಸುಲಿನ್ ಚುಚ್ಚಿದ್ದೇ ಸುಳ್ಳೆಂಬಂತೆ ಏರಿತು. ಎರಡನೆಯವರ ಮೈಯಲ್ಲಿ ಇನ್ಸುಲಿನ್ ಬಾಗಿಲು ಬಡಿಯುತ್ತದೆ, ಒಳಗಿನವರಿಗೆ ಕಿವಿ ಕೇಳುವುದಿಲ್ಲ. ಗ್ರಂಥಿ ಇನ್ನಷ್ಟು ಜೋರಾಗಿ ಬಡಿಯುತ್ತದೆ, ಕೊನೆಗೊಂದು ದಿನ ತಾನೇ ದಣಿಯುತ್ತದೆ. ನಮ್ಮಲ್ಲಿ ಶುಗರ್ ಇರುವ ಹೆಚ್ಚಿನವರದು ಈ ಕಿವುಡಿನ ಕಾಯಿಲೆ.

ಈ ಕಿವುಡು ಯಾವಾಗ ಶುರುವಾಗುತ್ತದೆ? ನಲವತ್ತರಲ್ಲಿ, ಹೊಟ್ಟೆ ಬಂದ ಮೇಲೆ ಎಂಬುದೇ ಬಹುಕಾಲದ ನಂಬಿಕೆ. ಅದನ್ನು ಅಲುಗಿಸಿದ್ದು ಒಬ್ಬ ದಾದಿ ಬರೆಸಿಟ್ಟ ಪುಸ್ತಕ. ಇಂಗ್ಲೆಂಡಿನ ಹಾರ್ಟ್‌ಫರ್ಡ್‌ಶೈರ್‌ನಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆ 1911ರಿಂದ ಪ್ರತಿ ಕೂಸಿನ ಹುಟ್ಟುತೂಕವನ್ನೂ ವರ್ಷ ತುಂಬಿದಾಗಿನ ತೂಕವನ್ನೂ ಬರೆಸುತ್ತಿದ್ದಳು. ಕೂಸುಗಳು ಬದುಕಲಿ ಎಂಬುದಷ್ಟೇ ಆಗಿನ ಉದ್ದೇಶ. ಏಳು ದಶಕದ ಮೇಲೆ ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ಆ ಪುಸ್ತಕಗಳನ್ನು ಹಿಡಿದು, ಅದರಲ್ಲಿದ್ದ ಕೂಸುಗಳನ್ನು ಮುದುಕರಾಗಿ ಹುಡುಕಿದ. 1991ರಲ್ಲಿ ಅವನೂ ಹೇಲ್ಸ್ ಎಂಬ ಜೊತೆಗಾರನೂ ಪ್ರಕಟಿಸಿದ ಲೆಕ್ಕದಲ್ಲಿ, ಸಣ್ಣಗೆ ಹುಟ್ಟಿದವರಲ್ಲಿ ಮುಪ್ಪಿನ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಗರ್ಭದಲ್ಲಿ ಹಸಿದ ಕೂಸು ಜಿಪುಣತನ ಕಲಿಯುತ್ತದೆ, ಆಮೇಲೆ ಉಣಿಸಿದರೆ ಅದಕ್ಕೆ ಜೀರ್ಣವಾಗುವುದಿಲ್ಲ ಎಂಬುದು ಅವರ ವಾದ.

ಹಾಗಾದರೆ ಸಣ್ಣ ಕೂಸುಗಳ ದೇಶವಾದ ಭಾರತದಲ್ಲಿ? ಇಲ್ಲಿ ಅಷ್ಟು ಹಳೆಯ ತೂಕ ಯಾರು ಬರೆದಿಟ್ಟಿದ್ದಾರೆ?

ಬರೆದಿಟ್ಟಿದ್ದರು. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ತೆರೆದ ಈ ಹೆರಿಗೆ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಪುಸ್ತಕಗಳಲ್ಲಿದ್ದವು. ಬಸುರಿಯ ತೂಕವೂ ಇತ್ತು. ಸೊಂಟದ ಅಳತೆಯೂ ಇತ್ತು. ಹೆರಿಗೆ ತಡೆದು ನಿಂತರೆ ತಾಯಿಯೂ ಹೋಗುತ್ತಿದ್ದ ಕಾಲವದು, ಸೊಂಟ ಎಷ್ಟಗಲ ಎಂದು ಮೊದಲೇ ತಿಳಿದಿರಬೇಕಿತ್ತು. ನಡುರಾತ್ರಿ ಅಳುವ ಕೂಸನ್ನು ತಕ್ಕಡಿಗೆ ಹಾಕಿ, ಕೈ ಒರೆಸಿಕೊಂಡು, ಪುಸ್ತಕ ತೆಗೆದು ಸಂಖ್ಯೆ ಬರೆದ ಆ ದಾದಿಯರಿಗೆ ಇದು ಅರವತ್ತು ವರ್ಷದ ನಂತರ ಯಾರಿಗಾದರೂ ಬೇಕಾದೀತು ಎಂಬ ಅಂದಾಜೂ ಇದ್ದಿರಲಾರದು. 

ಇಟಗಿಯವನಾದ ನನಗೆ ಇಲ್ಲೊಂದು ಹೊಟ್ಟೆಕಿಚ್ಚು. ನಮ್ಮೂರಿಗೆ ಬರವಣಿಗೆ ಕಡಿಮೆಯದಲ್ಲ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಗೆ ಶಾಸನವೇ "ದೇವಾಲಯ ಚಕ್ರವರ್ತಿ" ಎಂದು ಬಿರುದು ಕೊಟ್ಟಿದೆ. ಒಂಬತ್ತು ಶತಮಾನದ ಹಿಂದಿನ ದಂಡನಾಯಕನ ಹೆಸರು ಕಲ್ಲಿನಲ್ಲಿದೆ. ದೊಡ್ಡವ್ವ ಹುಟ್ಟಿದ ದಿನ ಮಾತ್ರ ಎಲ್ಲೂ ಇಲ್ಲ. "ಹೊಸಪ್ಯಾಟಿ ಡ್ಯಾಮಿಗೆ ನೀರು ನಿಂತ ಮರುವರ್ಷ" ಎನ್ನುತ್ತಾಳೆ, ಅಂದರೆ 1954ರ ಸುಮಾರು. ತೂಕ ಕೇಳಿದರೆ ನಗುತ್ತಾಳೆ. ಸೂಲಗಿತ್ತಿ ಮೊರದಲ್ಲಿ ಹಾಕಿ ಕೊಟ್ಟಳಂತೆ, ಮೊರ ತುಂಬಿರಲಿಲ್ಲವಂತೆ.

ಮೈಸೂರಿನಲ್ಲಿ ಪುಸ್ತಕವಿದ್ದರೂ ಅದರೊಳಗಿನ ಕೂಸುಗಳನ್ನು ಹುಡುಕಬೇಕಿತ್ತಲ್ಲ. ಆಸ್ಪತ್ರೆಯ ಸುತ್ತಲ ಬೀದಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿ, ಪುಸ್ತಕದ ಹೆಸರಿಗೂ ಎದುರಿಗಿರುವ ಮನುಷ್ಯನಿಗೂ ಗಂಟು ಹಾಕುವ ಕೆಲಸ. ಬಾರ್ಕರನ ಬಳಗದ ಕ್ಯಾರೊಲಿನ್ ಫಾಲ್ ಮತ್ತು ಆಸ್ಪತ್ರೆಯ ಸಂಶೋಧಕರು 1934ರಿಂದ 1954ರೊಳಗೆ ಹುಟ್ಟಿ, ಇನ್ನೂ ಹತ್ತಿರದಲ್ಲೇ ಇದ್ದ ಐನೂರಕ್ಕೂ ಹೆಚ್ಚು ಜನರನ್ನು ಹಿಡಿದರು. 1996ರಲ್ಲಿ ಮೊದಲ ಫಲ: ಸಣ್ಣಗೆ ಹುಟ್ಟಿದವರಲ್ಲಿ, ಅದರಲ್ಲೂ ತೂಕ ಕಡಿಮೆಯ ತಾಯಂದಿರ ಮಕ್ಕಳಲ್ಲಿ ಹೃದಯದ ಕಾಯಿಲೆ ಹೆಚ್ಚು. ಇಂಗ್ಲೆಂಡಿನ ಲೆಕ್ಕಕ್ಕೆ ಸರಿಯಾಗಿ ಕೂತಿತು.

ಸಕ್ಕರೆಯ ಲೆಕ್ಕವೂ ಹಾಗೇ ಕೂರುತ್ತದೆ ಅಂದುಕೊಂಡಿದ್ದರು. ಕೂರಲಿಲ್ಲ. 506 ಜನರ ಆ ಪರೀಕ್ಷೆ 1998ರಲ್ಲಿ ಪ್ರಕಟವಾದಾಗ ಚಿತ್ರ ತಲೆಕೆಳಗಾಗಿತ್ತು. ಮೈಸೂರಿನಲ್ಲಿ ಸಕ್ಕರೆ ಹೆಚ್ಚು ಹಿಡಿದದ್ದು ಉದ್ದ ಕಡಿಮೆಯಿದ್ದು ಉದ್ದಕ್ಕೆ ಮೀರಿದ ತೂಕವಿದ್ದವರನ್ನು, ಗುಂಡಗೆ ಹುಟ್ಟಿದವರನ್ನು. ತಾಯಿಯ ತೂಕ ಹೆಚ್ಚಿದ್ದಷ್ಟೂ, ಸೊಂಟ ಅಗಲವಿದ್ದಷ್ಟೂ ಮಗುವಿಗೆ ಮುಂದೆ ಸಕ್ಕರೆಯ ಅಪಾಯ ಹೆಚ್ಚು. ನನ್ನ ಮಟ್ಟಿಗೆ ಈ ಕತೆಯ ಜೀವ ಇರುವುದು ಇಲ್ಲಿ. ತಮ್ಮ ಗುರುವಿನ ಸಿದ್ಧಾಂತಕ್ಕೆ ಹೊಂದದ ಸಂಖ್ಯೆಯನ್ನು ಅವರು ಪಕ್ಕಕ್ಕೆ ಸರಿಸಲಿಲ್ಲ. ಆ ಲೇಖನದಲ್ಲಿ ಬಾರ್ಕರನ ಹೆಸರೂ ಇದೆ.

ಅವರು ಊಹಿಸಿದ್ದು ಹೀಗೆ. ಬಡತನದಲ್ಲಿ ಸಣ್ಣಗೆ ಹುಟ್ಟಿದ ಹುಡುಗಿಯ ಮೈಯಲ್ಲಿ ಇನ್ಸುಲಿನ್‌ಗೆ ಕಿವುಡು ಮೊದಲೇ ಇರುತ್ತದೆ. ಪೇಟೆ ಸೇರಿ, ಉಂಡು, ಸ್ವಲ್ಪ ಮೈಬಂದರೆ ಬಸುರಿನಲ್ಲಿ ಸಕ್ಕರೆ ಏರುತ್ತದೆ. ಬಸುರಿನ ಹಾರ್ಮೋನುಗಳೂ ಇನ್ಸುಲಿನ್‌ಗೆ ಅಡ್ಡ ಬರುವಂಥವೇ. ತಾಯಿಯ ಸಕ್ಕರೆ ಮಾಸು ದಾಟಿ ಕೂಸಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಕೂಸಿನ ಎಳೆಯ ಗ್ರಂಥಿ ತಾನೇ ಇನ್ಸುಲಿನ್ ಸುರಿಸಬೇಕು, ಆ ಇನ್ಸುಲಿನ್ ಕೂಸಿಗೆ ಕೊಬ್ಬು ಕಟ್ಟುತ್ತದೆ. ಗುಂಡಗೆ ಹುಟ್ಟಿದ್ದನ್ನು ಕಂಡು ಮನೆಯವರು ದೃಷ್ಟಿ ತೆಗೆಯುತ್ತಾರೆ. 

ಹಳೆಯ ಪುಸ್ತಕದಲ್ಲಿ ತಾಯಂದಿರ ರಕ್ತದ ಸಕ್ಕರೆ ಇರಲಿಲ್ಲ, ಆದ್ದರಿಂದ ಇದು ಊಹೆಯಾಗಿಯೇ ಉಳಿಯಬೇಕಿತ್ತು. ಅದಕ್ಕೇ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹೊಸ ಪುಸ್ತಕ ತೆರೆದರು. ಪಾರ್ಥೆನಾನ್ ಅಧ್ಯಯನ ಎಂದು ಅದಕ್ಕೆ ಹೆಸರು. ಬಸುರಿಯರಿಗೆ ಸಕ್ಕರೆ ನೀರು ಕುಡಿಸಿ ರಕ್ತ ನೋಡಿದರು. ನೂರಕ್ಕೆ ಸುಮಾರು ಆರು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಎಲ್ಲರ ಕೂಸುಗಳನ್ನೂ ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಬಿಡದೆ ಹಿಂಬಾಲಿಸಿದರು. ಒಂದು ವರ್ಷದ ಹೊತ್ತಿಗೆ ಎಲ್ಲ ಮಕ್ಕಳೂ ಒಂದೇ ಥರ ಕಂಡವು. ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಸಿಗುತ್ತಿರಲಿಲ್ಲ. ಐದು ವರ್ಷಕ್ಕೆ, ಬಸುರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಹೆಚ್ಚು ಕಂಡವು. ಒಂಬತ್ತೂವರೆಗೆ ವ್ಯತ್ಯಾಸ ಇನ್ನೂ ಸ್ಪಷ್ಟ. ಅಪ್ಪನಿಗೆ ಸಕ್ಕರೆ ಇದ್ದ ಮಕ್ಕಳಲ್ಲಿ ಇದೇ ಗುರುತು ಇಷ್ಟು ಗಾಢವಾಗಿರಲಿಲ್ಲ. ವಂಶದ್ದಷ್ಟೇ ಅಲ್ಲ, ಬಸಿರಿನದೂ ಪಾಲಿದೆ ಎಂಬ ಸುಳಿವು ಅದು. ತಾಯಂದಿರನ್ನೂ ಮರೆಯಲಿಲ್ಲ. ಬಸುರಿನಲ್ಲಿ ಸಕ್ಕರೆ ಕಂಡಿದ್ದವರಲ್ಲಿ ಐದು ವರ್ಷದೊಳಗೆ ಶೇ 37ರಷ್ಟು ಮಂದಿಗೆ ಕಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದವರಲ್ಲಿ ಶೇ 2.

ದೊಡ್ಡವ್ವ ಮಾತ್ರ ಮೈಸೂರಿನ ಈ ಲೆಕ್ಕದಲ್ಲಿ ಪೂರ್ತಿ ಸಿಗುವುದಿಲ್ಲ, ಅವಳು ಗುಂಡಗಾದದ್ದೇ ಇಲ್ಲ. ಅವಳ ಪಾಲಿನ ಉತ್ತರಕ್ಕೆ ಪುಣೆಗೆ ಹೋಗಬೇಕು. ಅಲ್ಲಿನ ಚಿತ್ತರಂಜನ ಯಾಜ್ಞಿಕ್ ಪುಣೆ ಸುತ್ತಲ ಆರು ಹಳ್ಳಿಗಳ ಕೂಸುಗಳನ್ನು ಅಳೆದರು. ಸರಾಸರಿ 2.7 ಕೆ.ಜಿ.ಯ ಸಣ್ಣ ಕೂಸುಗಳು. ಸ್ನಾಯು ಕಡಿಮೆ, ಆದರೆ ಬೆನ್ನಿನ ಕೊಬ್ಬು ಸೌತಾಂಪ್ಟನ್‌ನ 3.5 ಕೆ.ಜಿ.ಯ ಕೂಸುಗಳಿಗೆ ಹೆಚ್ಚುಕಡಿಮೆ ಸಮ. ಹೊರಗೆ ಸಣಕಲು, ಒಳಗೆ ಕೊಬ್ಬು. 2004ರಲ್ಲಿ ಯಾಜ್ಞಿಕ್ ತಮ್ಮ ಇಂಗ್ಲಿಷ್ ಗೆಳೆಯ ಜಾನ್ ಯುಡ್ಕಿನ್ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ 22.3. ಮೈಯ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಈ ಫೋಟೊದ ಕತೆ ಹೇಳಿದಾಗ ದೊಡ್ಡವ್ವ, "ಹಂಗಾರ ತಕ್ಕಡಿನೂ ಸುಳ್ಳು ಹೇಳ್ತೈತಿ" ಅಂದಳು.

ಈಗ ಅವಳು ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಮೊದಮೊದಲು "ಸೂಜಿಗೆ ಬಂತಂದ್ರ ಮುಗೀತು" ಎಂದು ಓಣಿಯವರು ಹೆದರಿಸಿದ್ದರು. ಕರೆಂಟು ಹೋಗುತ್ತಲೇ ಇರುವ ಊರಿನಲ್ಲಿ ಫ್ರಿಜ್ಜನ್ನು ನಂಬುವವಳಲ್ಲ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ, ಉಸುಕಿಗೆ ದಿನಾ ನೀರು ಚಿಮುಕಿಸಿ, ಒಳಗಡೆ ಬಾಟಲಿ ಇಡುತ್ತಾಳೆ. ಅವಳ ಬಾಟಲಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜೇ ಆಗಬೇಕು. ಕೇಸರಿ ಟೊಪ್ಪಿಗೆಯದು 100 ಯೂನಿಟ್‌ನದು, ಅದನ್ನು ಅಂಗಡಿಯವನಿಗೆ ವಾಪಸು ಕೊಟ್ಟು ಬರುತ್ತಾಳೆ. ಕೈ ನಡುಗಿ, ಬೆವರು ಕಿತ್ತು, ಕಣ್ಣು ಮಂಜಾದರೆ ಸಕ್ಕರೆ ಇಳಿದಿದೆ ಎಂದು ಗೊತ್ತು. ಅದಕ್ಕೇ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾಳೆ, ಚಪ್ಪಲಿ ಇಲ್ಲದೆ ಹೊಲಕ್ಕೆ ಇಳಿಯುವುದಿಲ್ಲ.

ಹೋದ ವರ್ಷ ಮೊಮ್ಮಗಳು ಚೊಚ್ಚಲ ಬಸುರಿ. ಏಳನೆಯ ತಿಂಗಳಿಗೆ ಕುಬಸದ ಶಾಸ್ತ್ರ ಎಂದು ನಿಶ್ಚಯವಾಯಿತು. ಸಕ್ಕರೆ ಪರೀಕ್ಷೆಯ ವಾರಗಳೂ ಅವೇ, 24ರಿಂದ 28. ಸರ್ಕಾರದ ಕ್ರಮದಂತೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ತಾಸಿಗೆ ನೋಡುತ್ತಾರೆ. 140 ಮುಟ್ಟಿದರೆ ಬಸುರಿನ ಸಕ್ಕರೆ. ಆಶಾ ಕಾರ್ಯಕರ್ತೆಯ ಜೊತೆ ದೊಡ್ಡವ್ವನೂ ಹೋಗಿ ಬೆಂಚಿನ ಮೇಲೆ ಎರಡು ತಾಸು ಕೂತಳು. 156 ಬಂತು.

ಕುಬಸ ನಿಲ್ಲಲಿಲ್ಲ. ಹೋಳಿಗೆ, ಕರ್ಚಿಕಾಯಿ, ಉಂಡಿ ಎಲ್ಲ ತಟ್ಟೆಯಲ್ಲಿ ಬಂದವು, ಹಾಡೂ ಆಯಿತು. ದೊಡ್ಡವ್ವ ಮಗ್ಗುಲಲ್ಲೇ ಕೂತು, ಬಂದವರು ಬಾಯಿಗಿಟ್ಟದ್ದರಲ್ಲಿ ಹುಡುಗಿ ಒಂದು ತುಣುಕಷ್ಟೇ ಕಚ್ಚುವಂತೆ ನೋಡಿಕೊಂಡಳು. ಎರಡು ವಾರ ಪಥ್ಯ ಮಾಡಿದರೂ ಊಟದ ನಂತರದ ಸಕ್ಕರೆ ಇಳಿಯಲಿಲ್ಲ, ಇನ್ಸುಲಿನ್ ಬರೆದುಕೊಟ್ಟರು. ಹುಡುಗಿ ಅತ್ತಳು. "ಅಳಬ್ಯಾಡ, ಹಡೆದ ಮ್ಯಾಲ ನಿಂದು ಬಿಡಸ್ತಾರ, ನಂದು ಬಿಡ್ಸಂಗಿಲ್ಲ" ಎನ್ನುತ್ತ ಅಜ್ಜಿ ಮೊದಲ ಸೂಜಿ ತಾನೇ ಹಾಕಿ ತೋರಿಸಿದಳು.

ಹೆಣ್ಣು ಹುಟ್ಟಿತು. ಆರು ವಾರಕ್ಕೆ ಮತ್ತೆ ಅದೇ ಸಕ್ಕರೆ ನೀರಿನ ಪರೀಕ್ಷೆಗೆ ಬರಬೇಕು, ಆಮೇಲೂ ವರ್ಷಕ್ಕೊಮ್ಮೆ ನೋಡಿಸಬೇಕು ಎಂದು ಸಿಸ್ಟರ್ ತಾಯಿಗೆ ಹೇಳಿ, ಕೂಸನ್ನು ತಕ್ಕಡಿಗೆ ಹಾಕಿದರು. 2.9 ಕೆ.ಜಿ. ತಾಯಿ ಕಾರ್ಡಿನಲ್ಲಿ ಬರೆದುಕೊಂಡರು.

"ಬರದಿಯೇನವಾ?" ಎಂದಳು ಓದು ಬಾರದ ದೊಡ್ಡವ್ವ. "ಎಲ್ಲಿ, ತೋರ್ಸು."