ಚೀಸ್ ಬೇಗಲ್

ಚೀಸ್ ಬೇಗಲ್ ಎಂಬುದು ಯೀಸ್ಟ್‌ನಿಂದ ಹುದುಗಿಸಿದ ಗೋಧಿಹಿಟ್ಟಿನ ಕಣಕದಿಂದ ತಯಾರಿಸುವ, ನಡುವೆ ತೂತಿರುವ ಬಳೆಯಾಕಾರದ ಬ್ರೆಡ್ಡಿನ ಒಂದು ಬಗೆ. ಇದನ್ನು ಮೊದಲು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಅನಂತರ ಮೇಲೆ ತುರಿದ ಚೀಸನ್ನು ಉದುರಿಸಿ ಓವನ್‌ನಲ್ಲಿ ಸುಡುತ್ತಾರೆ. ಹೊಳೆಯುವ ಬಿಗಿಯಾದ ಹೊರಪದರ ಮತ್ತು ಹಲ್ಲಿಗೆ ಗಟ್ಟಿಯಾಗಿ ಸಿಗುವ ಒತ್ತಾದ ತಿರುಳು ಬೇಗಲ್‌ನ ಲಕ್ಷಣಗಳು. ಕುದಿಸದೆ ನೇರವಾಗಿ ಸುಟ್ಟದ್ದು ಆಕಾರದಲ್ಲಿ ಬೇಗಲ್‌ನಂತೆ ಕಂಡರೂ ಗುಣದಲ್ಲಿ ತೂತುಳ್ಳ ಬನ್ ಮಾತ್ರ.

ಕರ್ನಾಟಕದ ಸಾಮಾನ್ಯ ಬೇಕರಿಗಳಲ್ಲಿ ಖಾರಾ ಬನ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್‌ಗಳು ದೊರೆಯುವಂತೆ ಬೇಗಲ್ ದೊರೆಯುವುದಿಲ್ಲ. ಬೆಂಗಳೂರಿನಂತಹ ನಗರಗಳನ್ನು ಬಿಟ್ಟರೆ ಇದನ್ನು ಕಂಡವರೇ ಕಡಿಮೆ. ಆದ್ದರಿಂದ ಹೊಸಪೇಟೆ, ಸಂಡೂರು, ಕಂಪ್ಲಿ ಅಥವಾ ಗಣಿ ಊರಾದ ದೋಣಿಮಲೈಯಲ್ಲಿರುವವರಿಗೆ ಮನೆಯಲ್ಲಿ ಮಾಡಿಕೊಳ್ಳುವುದೇ ಸುಲಭದ ದಾರಿ. ನಮ್ಮ ಕೊಡಬಳೆಗೂ ಇದಕ್ಕೂ ಆಕಾರದ ಹೋಲಿಕೆಯಷ್ಟೇ ಇದೆ. ಕೊಡಬಳೆ ಎಣ್ಣೆಯಲ್ಲಿ ಕರಿದ ಗರಿಗರಿಯಾದ ಕುರುಕಲು. ಬೇಗಲ್ ಎಣ್ಣೆ ಕಾಣದ ಬ್ರೆಡ್ಡು. ಆದರೂ ಕೊಡಬಳೆ ಹೊಸೆದು ಅಭ್ಯಾಸವಿರುವ ಕೈಗೆ ಬೇಗಲ್ ಹೊಸೆಯುವುದು ಹೊಸ ವಿದ್ಯೆಯಾಗುವುದಿಲ್ಲ.

ಇತಿಹಾಸ

ಬೇಗಲ್ ಪೂರ್ವ ಯುರೋಪಿನ ಯೆಹೂದಿ ಸಮುದಾಯದ ತಿನಿಸು. ಅವರ ಯಿಡ್ಡಿಷ್ ಭಾಷೆಯಲ್ಲಿ ಇದರ ಹೆಸರು ‘ಬೇಯ್ಗಲ್’. ಪೋಲೆಂಡಿನ ಕ್ರಾಕೋವ್ ನಗರದ ಯೆಹೂದಿ ಸಮುದಾಯವು 1610ರಲ್ಲಿ ಮಾಡಿಕೊಂಡ ನಿಯಮಾವಳಿಯಲ್ಲಿ, ಮಗು ಹುಟ್ಟಿದ ಸಂದರ್ಭಕ್ಕೆ ಸಂಬಂಧಿಸಿದಂತೆ ಇದರ ಉಲ್ಲೇಖ ಬರುತ್ತದೆ. ಅದೇ ನಗರದಲ್ಲಿ ಇದಕ್ಕಿಂತ ಹಳೆಯದಾದ ‘ಒಬ್ವಝಾನೆಕ್’ ಎಂಬ, ಕುದಿಸಿ ಸುಡುವ ಬಳೆಬ್ರೆಡ್ಡು ಪ್ರಚಲಿತವಾಗಿತ್ತು. ರಾಣಿ ಯಾದ್ವಿಗಾಳ ಆಸ್ಥಾನದ 1394ರ ಲೆಕ್ಕಪತ್ರಗಳಲ್ಲಿ ಅದರ ಹೆಸರಿದೆ. ಇಂದಿಗೂ ಕ್ರಾಕೋವ್‌ನ ಬೀದಿಗಳಲ್ಲಿ ಅದು ಮಾರಾಟವಾಗುತ್ತದೆ.

1683ರ ವಿಯೆನ್ನಾ ಯುದ್ಧದಲ್ಲಿ ಗೆದ್ದ ಪೋಲೆಂಡಿನ ದೊರೆ ಸೋಬಿಯೆಸ್ಕಿಯ ಗೌರವಾರ್ಥವಾಗಿ ಕುದುರೆಯ ರಿಕಾಪಿನ ಆಕಾರದಲ್ಲಿ ಬೇಗಲ್ ಹುಟ್ಟಿತೆಂಬ ಕಥೆ ಬಹಳ ಜನಪ್ರಿಯ. ಎಪ್ಪತ್ತು ವರ್ಷಗಳಿಗೂ ಹಿಂದಿನ ದಾಖಲೆಯೇ ಇರುವಾಗ ಈ ಕಥೆಯನ್ನು ನಂಬಲು ಆಧಾರವಿಲ್ಲ. ತಿನಿಸುಗಳ ಮೂಲವನ್ನು ಯಾವುದಾದರೊಂದು ಯುದ್ಧಕ್ಕೋ ಅರಸನಿಗೋ ಕಟ್ಟುವ ಅಭ್ಯಾಸ ಎಲ್ಲ ದೇಶಗಳಲ್ಲಿಯೂ ಉಂಟು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಲಸೆ ಹೋದ ಯೆಹೂದಿಗಳೊಂದಿಗೆ ಬೇಗಲ್ ಅಮೆರಿಕ, ಕೆನಡಾಗಳನ್ನು ತಲುಪಿತು. ನ್ಯೂಯಾರ್ಕಿನಲ್ಲಿ ಬೇಗಲ್ ಹೊಸೆಯುವ ಕಾರ್ಮಿಕರದೇ ಒಂದು ಸಂಘವಿತ್ತು. ‘ಲೋಕಲ್ 338’ ಎಂದು ಹೆಸರಾದ ಆ ಸಂಘದಲ್ಲಿ ಇದ್ದವರು ಸುಮಾರು 300 ಮಂದಿ ಮಾತ್ರ. ಸದಸ್ಯತ್ವವು ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಸಭೆಗಳು ಯಿಡ್ಡಿಷ್‌ನಲ್ಲಿ ನಡೆಯುತ್ತಿದ್ದವು. ಅವರು ಕೆಲಸ ನಿಲ್ಲಿಸಿದರೆ ನಗರಕ್ಕೆ ಬೇಗಲ್ ಇಲ್ಲ. ಈ ಬಲವನ್ನು ಮುರಿದದ್ದು ಯಂತ್ರ. ಪೋಲೆಂಡಿನಿಂದ ಬಂದ ಹ್ಯಾರಿ ಲೆಂಡರ್ 1927ರಲ್ಲಿ ನ್ಯೂ ಹೇವನ್ ಎಂಬಲ್ಲಿ ತೆರೆದಿದ್ದ ಬೇಕರಿಯನ್ನು ಅವರ ಮಕ್ಕಳು ಬೆಳೆಸಿ, 1960ರ ದಶಕದಲ್ಲಿ ಡ್ಯಾನಿಯಲ್ ಥಾಂಪ್ಸನ್ ರೂಪಿಸಿದ ಬೇಗಲ್ ಯಂತ್ರವನ್ನು ಬಳಕೆಗೆ ತಂದರು. ಘನೀಕರಿಸಿದ ಬೇಗಲ್‌ಗಳು ದೇಶದ ಎಲ್ಲ ಅಂಗಡಿಗಳಿಗೂ ಹೋದವು. ಕೈಯಲ್ಲಿ ಹೊಸೆಯುವವರ ಸಂಘ ಕೆಲವೇ ವರ್ಷಗಳಲ್ಲಿ ಕರಗಿತು. ಮುಂದೆ ಹಲವು ಕಾರ್ಖಾನೆಗಳು ಕುದಿಸುವ ಕೆಲಸವನ್ನೂ ಬಿಟ್ಟು ಓವನ್‌ನೊಳಗೆ ಹಬೆಯನ್ನು ಹಾಯಿಸತೊಡಗಿದವು. ಬೇಗಲ್ ಮೆತ್ತಗಾಯಿತು, ದಪ್ಪವಾಯಿತು. ಜಗತ್ತಿಗೆಲ್ಲ ಪರಿಚಯವಾದದ್ದು ಈ ಮೆತ್ತನೆಯ ರೂಪವೇ. ಮನೆಯಲ್ಲಿ ತಯಾರಿಸುವವರು ಹಳೆಯ ಕ್ರಮವನ್ನು ಉಳಿಸಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ಪಾತ್ರೆ ಕುದಿಯುವ ನೀರು.

ಕೆನಡಾದ ಮಾಂಟ್ರಿಯಲ್ ನಗರದ ಬೇಗಲ್ ಸ್ವಲ್ಪ ಬೇರೆ ಬಗೆಯದು. ಜೇನುತುಪ್ಪ ಬೆರೆಸಿದ ನೀರಿನಲ್ಲಿ ಕುದಿಸಿ ಸೌದೆ ಒಲೆಯಲ್ಲಿ ಸುಡುವುದರಿಂದ ಅದು ತೆಳ್ಳಗೂ ಸಿಹಿಯಾಗಿಯೂ ಇರುತ್ತದೆ. ಗಗನಯಾತ್ರಿ ಗ್ರೆಗರಿ ಶಾಮಿಟಾಫ್ 2008ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವಾಗ ಎಳ್ಳು ಹಚ್ಚಿದ 18 ಮಾಂಟ್ರಿಯಲ್ ಬೇಗಲ್‌ಗಳನ್ನು ಒಯ್ದಿದ್ದರು.

ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯಲ್ಲಿ ಇಸ್ರೇಲಿ ಪ್ರವಾಸಿಗರು ಹೆಚ್ಚಾಗಿ ತಂಗುತ್ತಿದ್ದ ಕಾಲದಲ್ಲಿ ಹಮ್ಮಸ್, ಫಲಾಫೆಲ್, ಶಕ್ಷೂಕಾಗಳು ತುಂಗಭದ್ರೆಯ ದಡದ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಸೇರಿದ್ದವು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ಅಲ್ಲಿನ ರೆಸಾರ್ಟುಗಳು ತೆರವಾದವು. ಆದರೆ ಆ ತಿನಿಸುಗಳು ಪಶ್ಚಿಮ ಏಷ್ಯಾದವು. ಬೇಗಲ್ ಯುರೋಪಿನ ಚಳಿನಾಡಿನದು. ‘ಜೆರುಸಲೇಮ್ ಬೇಗಲ್’ ಎಂದು ಮಾರುವ ಉದ್ದನೆಯ ಎಳ್ಳಿನ ಬ್ರೆಡ್ಡನ್ನು ಕುದಿಸುವುದಿಲ್ಲವಾದ್ದರಿಂದ ಎರಡನ್ನೂ ಒಂದೇ ಎಂದು ಭಾವಿಸಬಾರದು.

ಕುದಿಸುವುದರ ಕಾರಣ

ಕಣಕದ ಬಳೆಯನ್ನು ಕುದಿಯುವ ನೀರಿಗೆ ಬಿಟ್ಟಾಗ ಅದರ ಹೊರಮೈಯ ಪಿಷ್ಟವು ನೀರನ್ನು ಹೀರಿ ಉಬ್ಬಿ ಗಂಜಿಯಂತಾಗುತ್ತದೆ. ಓವನ್‌ನಲ್ಲಿ ಈ ಗಂಜಿಯ ಪದರ ಒಣಗಿ ಹೊಳಪಿನ ತೊಗಟೆಯಾಗುತ್ತದೆ. ತೊಗಟೆ ಮೊದಲೇ ಬಿಗಿಯಾಗಿರುವುದರಿಂದ ಒಳಗಿನ ಅನಿಲ ಹಿಗ್ಗಿದರೂ ಬ್ರೆಡ್ಡು ಬನ್ನಿನಷ್ಟು ಉಬ್ಬಲಾರದು. ತಿರುಳು ಒತ್ತಾಗಿ ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿದಷ್ಟೂ ತೊಗಟೆ ದಪ್ಪ, ಬೇಗಲ್ ಗಟ್ಟಿ.

ಚೀಸ್ ಹಾಕುವ ಬೇಗಲ್‌ಗೆ ಇದರಿಂದ ಇನ್ನೊಂದು ಪ್ರಯೋಜನವಿದೆ. ನೀರಿನಿಂದ ತೆಗೆದ ಬಳೆಯ ಮೈ ಅಂಟಂಟಾಗಿರುತ್ತದೆ. ಆಗಲೇ ಉದುರಿಸಿದ ತುರಿ ಜಾರಿ ಬೀಳದೆ ಕಚ್ಚಿಕೊಳ್ಳುತ್ತದೆ. ಮೊಟ್ಟೆಯನ್ನು ಸವರುವ ಅಗತ್ಯವೇ ಇಲ್ಲ.

ನೀರಿಗೆ ಪಾರಂಪರಿಕವಾಗಿ ಬಾರ್ಲಿಯ ಮಾಲ್ಟ್ ಪಾಕವನ್ನು ಸೇರಿಸುತ್ತಾರೆ. ಅದು ದೊರೆಯದ ಕಡೆ ಬೆಲ್ಲ ಅಥವಾ ಜೇನುತುಪ್ಪ ಸಾಕು. ಒಂದು ಚಮಚ ಅಡುಗೆ ಸೋಡಾ ಸೇರಿಸಿದರೆ ತೊಗಟೆಗೆ ಕೆಂಪು ಬಣ್ಣ ಬೇಗ ಬರುತ್ತದೆ. ಕೆಲವು ಪಾಕವಿಧಾನಗಳಲ್ಲಿ ಹೇಳುವ ‘ಲೈ’ ಎಂಬುದು ಕಾಸ್ಟಿಕ್ ಸೋಡಾ. ಅದು ಚರ್ಮವನ್ನೂ ಕಣ್ಣನ್ನೂ ಸುಡುವ ಕ್ಷಾರ. ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ. ಸಾಬೂನು ಕೆಲಸಕ್ಕೂ ಕೊಳವೆ ತೊಳೆಯಲೂ ಮಾರುವ ಕಾಸ್ಟಿಕ್ ಸೋಡಾವನ್ನು ಅಡುಗೆಮನೆಯಲ್ಲಿ ಎಂದಿಗೂ ಬಳಸಬಾರದು.

ಹಿಟ್ಟು

ಬೇಗಲ್‌ಗೆ ಬೇಕಾದುದು ಗ್ಲೂಟೆನ್ ಎಂಬ ಅಂಟು ಹೆಚ್ಚಾಗಿರುವ ಹಿಟ್ಟು. ಅಮೆರಿಕದಲ್ಲಿ ಇದಕ್ಕೆ 13ರಿಂದ 14 ಶೇಕಡಾ ಪ್ರೋಟೀನ್ ಇರುವ ಹಿಟ್ಟನ್ನು ಬಳಸುತ್ತಾರೆ. ನಮ್ಮ ಮೈದಾದಲ್ಲಿ ಸಾಮಾನ್ಯವಾಗಿ ಇಷ್ಟಿರುವುದಿಲ್ಲ. ಪೊಟ್ಟಣದ ಹಿಂದೆ 100 ಗ್ರಾಂಗೆ ಎಷ್ಟು ಗ್ರಾಂ ಪ್ರೋಟೀನ್ ಎಂದು ಮುದ್ರಿಸಿರುತ್ತಾರೆ. ಅದನ್ನು ನೋಡಿ ಹೆಚ್ಚಿರುವುದನ್ನು ಆರಿಸಬೇಕು. ಕಡಿಮೆಯಿದ್ದರೆ ಅರ್ಧ ಕಿಲೋ ಮೈದಾಕ್ಕೆ ಒಂದೆರಡು ದೊಡ್ಡ ಚಮಚ ಗ್ಲೂಟೆನ್ ಪುಡಿಯನ್ನು ಬೆರೆಸಬಹುದು. ಅದೂ ಇಲ್ಲದಿದ್ದರೆ ನೀರನ್ನು ಕಡಿಮೆ ಮಾಡಿ, ನಾದುವುದನ್ನು ಹೆಚ್ಚಿಸಬೇಕು. ಉತ್ತರ ಕರ್ನಾಟಕದಲ್ಲಿ ಹುಗ್ಗಿಗೆ ಹೆಸರಾದ ಸದಕ ಅಥವಾ ಜವೆ ಗೋಧಿ ರುಚಿಯಲ್ಲಿ ಎಷ್ಟೇ ಉತ್ತಮವಾದರೂ ಅದರ ಅಂಟು ದುರ್ಬಲವಾದ್ದರಿಂದ ಈ ಕೆಲಸಕ್ಕೆ ಹೊಂದುವುದಿಲ್ಲ. ಚಪಾತಿ ಹಿಟ್ಟನ್ನು ಕಾಲುಭಾಗದವರೆಗೆ ಸೇರಿಸಿದರೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ತೌಡು ಅಂಟಿನ ಎಳೆಗಳನ್ನು ಕತ್ತರಿಸಿ ಬೇಗಲ್ ಒರಟಾಗುತ್ತದೆ.

ಬಾರ್ಲಿ ಮಾಲ್ಟಿನ ಕೆಲಸವನ್ನು ಮೊಳಕೆ ರಾಗಿಯ ಹಿಟ್ಟು ಸ್ವಲ್ಪಮಟ್ಟಿಗೆ ಮಾಡಬಲ್ಲದು. ಕಾಳು ಮೊಳೆಯುವಾಗ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ಯೀಸ್ಟ್‌ಗೆ ಆ ಸಕ್ಕರೆ ಆಹಾರ. ನೆರಳಿನಲ್ಲಿ ಒಣಗಿಸಿ ಬೀಸಿದ ಹಿಟ್ಟು ಒಂದು ಚಿಕ್ಕ ಚಮಚ ಸಾಕು. ಚೆನ್ನಾಗಿ ಹುರಿದು ಬೀಸಿದ ರಾಗಿಯಲ್ಲಿ ಕಿಣ್ವಗಳು ನಾಶವಾಗಿರುವುದರಿಂದ ಪರಿಮಳ ಬರುತ್ತದೆಯೇ ಹೊರತು ಈ ಪ್ರಯೋಜನವಿಲ್ಲ.

ಚೀಸ್‌ನ ಆಯ್ಕೆ

ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕ್ಯೂಬ್ ಅಥವಾ ಸ್ಲೈಸ್ ರೂಪದ ಸಂಸ್ಕರಿತ ಚೀಸ್. ಅದರಲ್ಲಿ ಕೊಬ್ಬು ಮತ್ತು ನೀರು ಬೇರ್ಪಡದಂತೆ ಲವಣಗಳನ್ನು ಸೇರಿಸಿರುತ್ತಾರೆ. ಆದ್ದರಿಂದ ಅದು ಕರಗಿ ಹರಿಯುವುದಕ್ಕಿಂತ ಇದ್ದಲ್ಲಿಯೇ ಮೆತ್ತಗಾಗಿ, ಹೆಚ್ಚು ಕಾಲ ಬಿಸಿಯಲ್ಲಿದ್ದರೆ ಚರ್ಮದಂತೆ ಒಣಗುತ್ತದೆ. ಇದನ್ನು ಕೊನೆಯ 6-7 ನಿಮಿಷಗಳಲ್ಲಿ ಮಾತ್ರ ಹಾಕಬೇಕು. ಚೆಡ್ಡಾರ್ ಅಥವಾ ಪಿಜ್ಜಾಕ್ಕೆ ಬಳಸುವ ಮೊಝರೆಲ್ಲಾ ದೊರೆತರೆ ಮೊದಲಿನಿಂದಲೇ ಹಾಕಬಹುದು. ಅಂಚುಗಳು ಕೆಂಪಾಗಿ ಗರಿಗರಿಯಾಗುತ್ತವೆ. ಈ ಗರಿಗರಿ ಅಂಚೇ ಚೀಸ್ ಬೇಗಲ್‌ನ ಸೊಗಸು. ಪನೀರು ಕರಗುವುದಿಲ್ಲ. ಹಾಲನ್ನು ಹುಳಿಯಿಂದ ಒಡೆದು ಬಿಸಿಯಲ್ಲಿ ಗಟ್ಟಿ ಮಾಡಿದ ಪದಾರ್ಥವಾದ್ದರಿಂದ ಎಷ್ಟು ಸುಟ್ಟರೂ ಅದು ತುಂಡಾಗಿಯೇ ಇರುತ್ತದೆ.

ಸಸ್ಯಾಹಾರಿಗಳು ಗಮನಿಸಬೇಕಾದ ವಿಷಯವೊಂದಿದೆ. ಚೀಸ್ ಮಾಡಲು ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಎಂಬ ವಸ್ತುವನ್ನು ಹಿಂದೆ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಕೆಲವು ವಿದೇಶಿ ಚೀಸ್‌ಗಳಲ್ಲಿ ಈಗಲೂ ಅದೇ ಇದೆ. ಭಾರತದಲ್ಲಿ ತಯಾರಾಗುವ ಚೀಸ್‌ಗಳಲ್ಲಿ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಇರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಕೊಳ್ಳಬೇಕು. ಯೆಹೂದಿ ಆಹಾರನಿಯಮದಲ್ಲಿಯೂ ಹಾಲು ಮಾಂಸಗಳನ್ನು ಬೆರೆಸುವಂತಿಲ್ಲ. ಹಾಲು ಸೇರಿದ ಬ್ರೆಡ್ಡನ್ನು ನೋಡಿದೊಡನೆ ಗುರುತು ಸಿಗುವಂತೆ ಮಾಡಬೇಕೆಂಬ ವಿಧಿ ಅಲ್ಲಿದೆ. ಅಡುಗೆಯ ಮಡಿಯನ್ನು ಬಲ್ಲ ನಮ್ಮವರಿಗೆ ಇದು ವಿಚಿತ್ರವೆನಿಸಲಾರದು.

ತಯಾರಿಸುವ ವಿಧಾನ

ಎಂಟು ಬೇಗಲ್‌ಗಳಿಗೆ 500 ಗ್ರಾಂ ಹಿಟ್ಟು, 280 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ ಅಥವಾ ಬೆಲ್ಲದ ಪುಡಿ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಮತ್ತು 150 ಗ್ರಾಂ ತುರಿದ ಚೀಸ್ ಬೇಕು. ಚೀಸ್‌ನಲ್ಲಿಯೂ ಉಪ್ಪಿರುವುದರಿಂದ ಹಿಟ್ಟಿಗೆ ಇದಕ್ಕಿಂತ ಹೆಚ್ಚು ಹಾಕಬಾರದು.

ಎಲ್ಲವನ್ನೂ, ಚೀಸ್ ಹೊರತುಪಡಿಸಿ, ಕಲಸಿ 10-12 ನಿಮಿಷ ನಾದಬೇಕು. ಕಣಕವು ಪೂರಿ ಹಿಟ್ಟಿನಷ್ಟು ಗಟ್ಟಿಯಾಗಿರಬೇಕು; ಹೋಳಿಗೆಯ ಕಣಕದಂತೆ ಸಡಿಲವಾದರೆ ಕುದಿಯುವ ನೀರಿನಲ್ಲಿ ಆಕಾರ ಕೆಡುತ್ತದೆ. ಮೊದಲು ಒರಟಾಗಿ ಹರಿಯುವ ಹಿಟ್ಟು ಕೊನೆಗೆ ನುಣುಪಾಗುತ್ತದೆ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಟ್ಟು, ಸುಮಾರು 100 ಗ್ರಾಂನ ಎಂಟು ಉಂಡೆಗಳನ್ನು ಮಾಡಬೇಕು.

ಬಳೆ ಮಾಡಲು ಎರಡು ಕ್ರಮಗಳಿವೆ. ಉದ್ದಿನ ವಡೆಗೆ ಮಾಡುವಂತೆ ಉಂಡೆಯ ನಡುವೆ ಬೆರಳಿನಿಂದ ತೂತು ಮಾಡಿ ಅಗಲಿಸುವುದು ಒಂದು. ಕೊಡಬಳೆಯಂತೆ ಹುರಿ ಹೊಸೆದು ತುದಿಗಳನ್ನು ಕೂಡಿಸುವುದು ಇನ್ನೊಂದು. ಎರಡನೆಯದೇ ಹಳೆಯ ಪದ್ಧತಿ. ಹೊಸೆದಾಗ ಅಂಟಿನ ಎಳೆಗಳು ಒಂದೇ ದಿಕ್ಕಿಗೆ ಸಾಲುಗೂಡಿ ತಿರುಳು ಹೆಚ್ಚು ಬಿಗಿಯಾಗುತ್ತದೆ. ತುದಿಗಳು ಎರಡು ಬೆರಳಗಲ ಒಂದರ ಮೇಲೊಂದು ಬರುವಂತೆ ಒತ್ತಿ ಹೊಸೆಯದಿದ್ದರೆ ನೀರಿನಲ್ಲಿ ಬಿಚ್ಚಿಕೊಳ್ಳುತ್ತವೆ. ತೂತು 4 ಸೆಂಟಿಮೀಟರಿನಷ್ಟಾದರೂ ಇರಲಿ. ಉಬ್ಬಿದಾಗ ಅದು ಮುಚ್ಚುತ್ತಾ ಬರುತ್ತದೆ.

ಬಳೆಗಳನ್ನು ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು ಮುಚ್ಚಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡುವುದು ಉತ್ತಮ. ತಣ್ಣಗಿನಲ್ಲಿ ನಿಧಾನವಾಗಿ ಹುದುಗಿದರೆ ರುಚಿ ಹೆಚ್ಚುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಇದು ಬರಿಯ ರುಚಿಯ ಮಾತಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿಗೆ ಹೊರಗಿಟ್ಟ ಕಣಕ ಅರ್ಧ ಗಂಟೆಯಲ್ಲಿ ಉಬ್ಬಿ, ಹುಳಿ ಹಿಡಿದು, ಕುದಿಯುವ ನೀರಿಗೆ ಬಿದ್ದೊಡನೆ ಕುಸಿಯುತ್ತದೆ. ಆ ತಿಂಗಳುಗಳಲ್ಲಿ ಯೀಸ್ಟನ್ನು 3 ಗ್ರಾಂಗೆ ಇಳಿಸಿ, ಫ್ರಿಜ್ಜಿನ ನೀರಿನಲ್ಲಿ ಕಲಸಿ, ಮೊದಲ ಹುದುಗಿಗೆ 35-40 ನಿಮಿಷ ಮಾತ್ರ ಕೊಡಬೇಕು. ಹದ ತಿಳಿಯಲು ಒಂದು ಬಳೆಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ನೋಡಬಹುದು. ತೇಲಿದರೆ ಸಿದ್ಧ, ಮುಳುಗಿದರೆ ಇನ್ನೂ ಹುದುಗಬೇಕು.

ಅಗಲವಾದ ಪಾತ್ರೆಯಲ್ಲಿ 2 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬೆಲ್ಲ, ಒಂದು ಚಿಕ್ಕ ಚಮಚ ಸೋಡಾ ಹಾಕಿ ಕುದಿಸಬೇಕು. ಎರಡು ಮೂರರಂತೆ ಬಳೆಗಳನ್ನು ಬಿಟ್ಟು, ಒಂದೊಂದು ಮಗ್ಗುಲಿಗೆ 45 ಸೆಕೆಂಡು ಬೇಯಿಸಿ, ಜಾಲರಿ ಸೌಟಿನಿಂದ ತೆಗೆದು ಅರೆನಿಮಿಷ ನೀರು ಬಸಿಯಲು ಬಿಡಬೇಕು. ಮೈ ಅಂಟಾಗಿರುವಾಗಲೇ ಚೀಸನ್ನು ಉದುರಿಸಿ ಮೃದುವಾಗಿ ಒತ್ತಿ, ಮೊದಲೇ 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್‌ನಲ್ಲಿ 20-22 ನಿಮಿಷ ಸುಡಬೇಕು. ಸಂಸ್ಕರಿತ ಚೀಸ್ ಆದರೆ ಮೇಲೆ ಹೇಳಿದಂತೆ ಕೊನೆಯಲ್ಲಿ ಹಾಕತಕ್ಕದ್ದು. ಚಿಕ್ಕ ಓಟಿಜಿಗಳಲ್ಲಿ ಮೇಲಿನ ಕಂಬಿ ತಟ್ಟೆಗೆ ಹತ್ತಿರವಿರುವುದರಿಂದ ಒಳಗು ಬೇಯುವ ಮುನ್ನ ಚೀಸ್ ಕರಗಾಗಬಹುದು. ಆಗ ತಟ್ಟೆಯನ್ನು ಕೆಳಗಿನ ಹಂತಕ್ಕೆ ಇಳಿಸಬೇಕು. ಚೀಸ್‌ನ ಮೇಲೆ ಕರಿಎಳ್ಳು, ಜಜ್ಜಿದ ಮೆಣಸು ಅಥವಾ ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿಯನ್ನು ಉದುರಿಸಬಹುದು. ಖಾರಾ ಬನ್ನಿನ ರುಚಿ ಬಲ್ಲವರು ಕೊನೆಯದನ್ನೇ ಮೆಚ್ಚುವರು.

ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಅಥವಾ ಮರಳು ಹರವಿ, ಕಾಯಿಸಿ, ಒಳಗೆ ತಟ್ಟೆಯಿಟ್ಟು ಮುಚ್ಚಿ ಸುಡುವ ಕ್ರಮವಿದೆ. ಕುಕ್ಕರನ್ನು ಬಳಸಿದರೆ ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದಿರಬೇಕು. ಶಾಖ ಕೆಳಗಿನಿಂದಷ್ಟೇ ಬರುವುದರಿಂದ ಅಡಿ ಕೆಂಪಾಗಿ ಮೇಲ್ಮೈ ಬಿಳಿಚಿಕೊಂಡಿರುತ್ತದೆ. ಚೀಸ್ ಕರಗುತ್ತದೆ, ಆದರೆ ಗರಿಯಾಗುವುದಿಲ್ಲ.

ಇಡುವ ಕ್ರಮ

ಸುಟ್ಟ ಬೇಗಲ್ ಅರ್ಧ ಗಂಟೆಯಾದರೂ ಆರಬೇಕು. ಬಿಸಿಯಾಗಿರುವಾಗ ಕೊಯ್ದರೆ ತಿರುಳು ಮುದ್ದೆಯಾಗುತ್ತದೆ. ಅದೇ ದಿನ ತಿಂದರೆ ರುಚಿ. ಫ್ರಿಜ್ಜಿನ ತಣ್ಣನೆಯಲ್ಲಿ ಬ್ರೆಡ್ಡಿನ ಪಿಷ್ಟ ಬೇಗ ಬಿರುಸಾಗುವುದರಿಂದ ಅಲ್ಲಿಡುವುದಕ್ಕಿಂತ, ಅಡ್ಡಲಾಗಿ ಎರಡು ಹೋಳು ಮಾಡಿ ಗಾಳಿಯಾಡದ ಚೀಲದಲ್ಲಿ ಫ್ರೀಜರಿನಲ್ಲಿಡುವುದು ಒಳ್ಳೆಯದು. ತಿನ್ನುವಾಗ ಹೋಳಿನ ಒಳಮೈಯನ್ನು ಕೆಳಗು ಮಾಡಿ ಕಾದ ಹೆಂಚಿನ ಮೇಲಿಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಚೀಸ್ ಮತ್ತೆ ಮೆತ್ತಗಾಗುತ್ತದೆ.