ತಗಡಿನ ನೆರಳಿನಲ್ಲಿ ಉಷ್ಣಾಘಾತ

ಬಹರೈನಿನ ಸಲ್ಮಾಬಾದ್ ಗ್ಯಾರೇಜುಗಳ, ವೆಲ್ಡಿಂಗ್ ಶೆಡ್ಡುಗಳ ಊರು. 2025ರಿಂದ ಈ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 4ರ ತನಕ ಬಯಲಿನ ದುಡಿಮೆಗೆ ನಿಷೇಧವಿದೆ. ಮೊದಲು ಅದು ಜುಲೈ, ಆಗಸ್ಟ್ ತಿಂಗಳುಗಳಿಗಷ್ಟೇ ಸೀಮಿತವಾಗಿತ್ತು. ಒಳ್ಳೆಯ ನಿಯಮವೇ. ಆದರೆ ಅದು ನೇರ ಬಿಸಿಲನ್ನು ಕುರಿತದ್ದು. ತಗಡಿನ ಸೂರಿನಡಿ ವೆಲ್ಡಿಂಗ್ ಮಾಡುವವನು ಅದರ ಹೊರಗೇ ಉಳಿಯುತ್ತಾನೆ.

ವೈದ್ಯನಾಗಿ ನನಗೆ ಕಾಣುವ ತೊಡಕು ಇದು. ಮೈ ತಣಿಯುವುದು ಬೆವರು ಆರಿದಾಗ ಮಾತ್ರ. ಆಗಸ್ಟಿನ ಕಡಲ ತೇವದಲ್ಲಿ, ಗಾಳಿಯಾಡದ ಶೆಡ್ಡಿನಲ್ಲಿ, ದಪ್ಪ ಅಂಗಿಯೊಳಗೆ ಬೆವರು ಆರುವುದಿಲ್ಲ, ಸುಮ್ಮನೆ ಹರಿಯುತ್ತದೆ. ಮೈಯೊಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಬುದ್ಧಿ ಕಲಕಿದರೆ ಅದು ಉಷ್ಣಾಘಾತ. ಹಾಗೆ ತೊದಲುವವನನ್ನು ಕುಡಿದವನೆಂದು ಬಗೆದು ಮೂಲೆಯಲ್ಲಿ ಮಲಗಿಸಿದರೆ ಪ್ರಾಣವೇ ಹೋಗಬಹುದು. 999ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವ ಮುನ್ನವೇ ಬಟ್ಟೆ ತೆಗೆದು, ಮೈಮೇಲೆ ತಣ್ಣೀರು ಸುರಿದು, ಫ್ಯಾನು ಹಾಕಬೇಕು.

ಊರಿನಿಂದ ಹೊಸದಾಗಿ ಬಂದವನಿಗೆ ಅಪಾಯ ಹೆಚ್ಚು. ದೇಹ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು; ಮೊದಲ ದಿನ ಬಿಸಿಯಲ್ಲಿ ಪೂರ್ತಿ ಪಾಳಿಯ ಐದರಲ್ಲೊಂದು ಪಾಲು ದುಡಿದರೆ ಸಾಕು. ಪಾಳಿಯ ಪಟ್ಟಿ ಬರೆಯುವವನು ಮಾಲೀಕ. ಕೆಲಸದ ಅಪಾಯಗಳಿಂದ ಕಾಪಾಡುವ ಹೊಣೆಯನ್ನು 2012ರ 36ನೆಯ ಕಾರ್ಮಿಕ ಕಾನೂನು ಅವನ ಮೇಲೆಯೇ ಹೊರಿಸಿದೆ, ತಲೆಯ ಮೇಲೆ ಸೂರಿದ್ದರೂ ಸರಿಯೆ.