ಹಳೆಯ ಲೆಕ್ಕ, ಹೊಸ ಗಣಕ

ಮುದಿ ಅಡಿಕೆ ತೋಟವನ್ನು ಜಾಣ ಕೃಷಿಕ ಒಮ್ಮೆಗೇ ಕಡಿದು ಬೋಳು ಮಾಡುವುದಿಲ್ಲ. ಹಳೆಯ ಮರಗಳ ನಡುವೆ ಸಸಿ ನೆಟ್ಟು, ಅದು ಫಸಲಿಗೆ ಬಂದಂತೆ ಹಳೆಯದನ್ನು ತೆಗೆಯುತ್ತಾನೆ. ಸಂಘದ ಗಣಕಯಂತ್ರದ ಲೆಕ್ಕಕ್ಕೂ ಇದೇ ನೀತಿ ಸಲ್ಲುತ್ತದೆ.

ಕಿರ್ದಿ-ಖತಾವಣಿಯನ್ನು ಮೊದಲು ಗಣಕಕ್ಕೆ ತಂದ ಸಂಸ್ಥೆಗಳಲ್ಲಿ ಹಲವು ಫಾಕ್ಸ್‌ಪ್ರೊದಲ್ಲಿ ಬರೆಸಿದ ತಂತ್ರಾಂಶವನ್ನು ನೆಚ್ಚಿದ್ದವು. ಅದರ ಕೊನೆಯ ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2015ರ ಜನವರಿಯಲ್ಲಿ ನಿಂತಿತು. ಅಂಥ ತಂತ್ರಾಂಶ ಇಂದೂ ಓಡೀತು; ಕೆಟ್ಟರೆ ಸರಿಪಡಿಸುವವರು ವಿರಳ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ನೀಡಿತು. ಆಗ ಗೊತ್ತುಪಡಿಸಿದ್ದು 63,000 ಸಂಘಗಳು, 2,516 ಕೋಟಿ ರೂಪಾಯಿ, ಎಲ್ಲಕ್ಕೂ ಒಂದೇ ಸಾಮಾನ್ಯ ತಂತ್ರಾಂಶ.

ಯಂತ್ರ ಕೊಳ್ಳುವುದು ಸುಲಭ. ರೂಢಿಯನ್ನು ಸಾಗಿಸುವುದು ಕಷ್ಟ. ಚೀಲದ ತೂಕ ಎಷ್ಟು ಕಳೆಯಬೇಕು, ಬಡ್ಡಿ ಯಾವ ದಿನದಿಂದ, ಅಡಿಕೆ ಮಾರಿದ ಹಣ ಮೊದಲು ಯಾವ ಸಾಲಕ್ಕೆ ಜಮಾ ಎಂಬ ನಿಯಮಗಳು ಎಷ್ಟೋ ಸಲ ಹಳೆಯ ತಂತ್ರಾಂಶದಲ್ಲಿ ಮತ್ತು ಹಿರಿಯ ಗುಮಾಸ್ತರ ನೆನಪಿನಲ್ಲಿ ಮಾತ್ರ ಇರುತ್ತವೆ. ಅವನ್ನು ಮೊದಲು ಕಾಗದಕ್ಕೆ ಇಳಿಸಬೇಕು. ಆಮೇಲೆ ಒಂದೊಂದೇ ವಿಭಾಗ: ಮೊದಲು ಗೊಬ್ಬರ ಮಾರಾಟ, ನಂತರ ಠೇವಣಿ, ಕೊನೆಗೆ ಸಾಲ. ಕೆಲವು ತಿಂಗಳು ಎರಡೂ ಲೆಕ್ಕ ಜೊತೆಯಲ್ಲೇ ನಡೆದು ದಿನವೂ ತಾಳೆಯಾಗಬೇಕು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಕಾರಣ ಹುಡುಕಬೇಕು, ಸರಿಹೊಂದಿಸಿ ಮುಚ್ಚಬಾರದು.

ಸದಸ್ಯ ಬಾಂಧವರಿಗೂ ಕೆಲಸವಿದೆ. ಬದಲಾವಣೆಗೆ ಮುನ್ನ ಪಾಸ್ ಪುಸ್ತಕ ಬರೆಸಿಕೊಳ್ಳಿರಿ. ಆದ ಮೇಲೆ ಷೇರು, ಠೇವಣಿ, ಸಾಲದ ಬಾಕಿಯನ್ನು ಅದರೊಡನೆ ಹೋಲಿಸಿ ನೋಡಿರಿ. ಹಳೆಯ ದಾಖಲೆಗಳ ಪ್ರತಿ ಭದ್ರವಾಗುವವರೆಗೆ ಹಳೆಯ ಗಣಕ ಗುಜರಿ ಸೇರದಿರಲಿ.